ಶೃಂಗಾರದ ಚೀಟಿ

೪ ಆಗಸ್ಟ್ ೧೯೫೮, ಸೋಮವಾರ

ಇವತ್ತೂ ಚೀಟಿ ವಾಪಸ್ ಬಂತು. ಕೆಂಪು ಪೆನ್ಸಿಲಿನಲ್ಲಿ "ಇಲ್ಲ" ಎಂದು ಒಂದೇ ಮಾತು. ಇಲ್ಲವಂತೆ! ಹುಡುಕಿದರೆ ತಾನೇ ಇದೆಯೋ ಇಲ್ಲವೋ ತಿಳಿಯುವುದು.

ನಮ್ಮ ಕಾಲೇಜಿನಲ್ಲಿ ಹುಡುಗಿಯರು ಲೈಬ್ರರಿಯ ಒಳಗೆ ಕಾಲಿಡುವ ಹಾಗಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ, ಆದರೆ ಯಾರೂ ಇಡುವುದಿಲ್ಲ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು, ಲೇಡೀಸ್ ರೂಮಿನ ಬಾಗಿಲಲ್ಲಿ ಅಟೆಂಡರ್ ಹೂವಪ್ಪನ ಕೈಗೆ ಕೊಡಬೇಕು. ಅವನು ಅದನ್ನು ಲೈಬ್ರೇರಿಯನ್ ಷಡಕ್ಷರಪ್ಪನವರಿಗೆ ಮುಟ್ಟಿಸುತ್ತಾನೆ. ಅವರು ಮೊದಲು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗಾಜಿನ ಬೀರುಗಳ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪುಸ್ತಕಗಳನ್ನು ಖಜಾನೆಯ ಹಾಗೆ ಕಾಯುತ್ತಾರೆ. ಪುಸ್ತಕದ ಹೆಸರೇ ಗೊತ್ತಿಲ್ಲದವಳು ಚೀಟಿಯಲ್ಲಿ ಏನೆಂದು ಬರೆಯಬೇಕು? ಹೆಸರು ನೋಡೋಣವೆಂದರೆ ಪಟ್ಟಿ ಲೈಬ್ರರಿಯ ಒಳಗಿದೆ!

ಕನ್ನಡ ಸಂಘದಲ್ಲಿ ಪ್ರಬಂಧ ಓದಲು ಈ ವರ್ಷ ನನ್ನನ್ನು ಆರಿಸಿದ್ದಾರೆ. ಹುಡುಗಿಯೊಬ್ಬಳು ಓದುವುದು ಇದೇ ಮೊದಲು. ಹಳೆಗನ್ನಡ ಕಾವ್ಯದಲ್ಲಿ ಶೃಂಗಾರ ರಸ ಎಂಬ ವಿಷಯ ಕೊಟ್ಟವರು ಯಜ್ಞನಾರಾಯಣ ಮೇಷ್ಟ್ರು. "ದೊಡ್ಡ ವಿಮರ್ಶಕರು ಏನು ಹೇಳಿದಾರೆ ಅನ್ನೋದನ್ನ ಲೈಬ್ರರೀಲಿ ನೋಡ್ಕೊಂಡು ಬರಿ. ಸ್ವಂತ ಮಾತು ಬೇಡ" ಎಂದು ಎಚ್ಚರಿಕೆಯನ್ನೂ ಕೊಟ್ಟರು. ಅದು ಸರಿಯೇ. ನಾನು ಯಾರು ಸ್ವಂತ ಮಾತು ಹೇಳಲು? ಆದರೆ ಆ ದೊಡ್ಡವರ ಮಾತು ಬೀರುವಿನಿಂದ ಹೊರಗೆ ಬರಬೇಕಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

೬ ಆಗಸ್ಟ್, ಬುಧವಾರ

ಸಲೀಮಾ ನನ್ನ ಚೀಟಿಗಳನ್ನೆಲ್ಲ ನೋಡಿ ಬೈದಳು. ಅವಳದು ಚರಿತ್ರೆ, ನನ್ನದು ಕನ್ನಡ, ಆದರೂ ಲೇಡೀಸ್ ರೂಮಿನಲ್ಲಿ ನಾವಿಬ್ಬರೂ ಒಂದೇ ಬೆಂಚು.

"'ವಿಮರ್ಶೆಯ ಪುಸ್ತಕ' ಅಂತ ಬರೆದ್ರೆ ಆ ಮನುಷ್ಯನಿಗೆ ಏನು ತಿಳೀತದೆ ಮಾರಾಯ್ತಿ? ಅಂಗಡಿಗೆ ಹೋಗಿ 'ಸಾಮಾನು ಕೊಡಿ' ಅಂದಂಗೆ ಆಯ್ತು. ಏನು ಬೇಕೋ ಅದನ್ನ ಬಿಡಿಸಿ ಬರಿ."

ಬಿಡಿಸಿ ಬರೆದೆ. ತರಗತಿಯಲ್ಲಿ ಮೇಷ್ಟ್ರು ನೋಟ್ಸ್ ಬರೆಸಿದಂತೆಯೇ. ಶೃಂಗಾರ ಎರಡು ವಿಧ: ಕೂಡಿರುವವರದು ಸಂಭೋಗ ಶೃಂಗಾರ, ಅಗಲಿದವರದು ವಿಪ್ರಲಂಭ ಶೃಂಗಾರ. ಎರಡನ್ನೂ ಚೀಟಿಯಲ್ಲಿ ಬರೆದು, "ಲಕ್ಷಣ ಮತ್ತು ಉದಾಹರಣೆ ಸಹಿತ ವಿವರಿಸುವ ಯಾವುದಾದರೂ ಗ್ರಂಥ" ಎಂದು ಸೇರಿಸಿದೆ. ಕೆಳಗೆ ಎನ್. ಇ. ಜಗದಾಂಬಾ, ಅಂತಿಮ ಬಿ.ಎ. ಎಂದು ದುಂಡಗೆ ರುಜು. ಇನ್ನು ಹೇಗೆ ಇಲ್ಲ ಎನ್ನುತ್ತಾರೋ ನೋಡೋಣ.

೭ ಆಗಸ್ಟ್, ಗುರುವಾರ

ಪುಸ್ತಕವೂ ಬರಲಿಲ್ಲ, ಚೀಟಿಯೂ ಬರಲಿಲ್ಲ. ಹೂವಪ್ಪನನ್ನು ಕೇಳಿದರೆ "ನಂಗೇನೂ ಗೊತ್ತಿಲ್ಲ ಕಣವ್ವಾ" ಎಂದು ನೆಲ ನೋಡಿದ. ವರಾಂಡದಲ್ಲಿ ಹುಡುಗರ ಗುಂಪು ನಾನು ಬಂದೊಡನೆ ಸುಮ್ಮನಾಗಿ, ದಾಟಿದೊಡನೆ ನಕ್ಕಿತು. ಸಂಜೆ ಶಿವಮೊಗ್ಗ ಸ್ಟೇಷನ್ನಿನಲ್ಲಿ ಮನೆಗೆ ಹೋಗುವ ಭದ್ರಾವತಿ ರೈಲಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ "ಬಂತಪ್ಪಾ ಶೃಂಗಾರ ಎಕ್ಸ್‌ಪ್ರೆಸ್!" ಎಂದು ಕೂಗಿದರು. ತಿರುಗಿ ನೋಡಿದರೆ ಎಲ್ಲರೂ ಪೇಪರು ಓದುತ್ತಿದ್ದರು.

ಪಾಠದ ಚೀಟಿಯಲ್ಲಿ ನಗುವಂಥದ್ದೇನಿದೆ? ಅವರೂ ಅದೇ ನೋಟ್ಸ್ ಬರೆದುಕೊಂಡವರು. ಕತ್ತೆಗಳು.

೮ ಆಗಸ್ಟ್, ಶುಕ್ರವಾರ

ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ.

ಮನೆಗೆ ಬಂದರೆ ಹಜಾರದಲ್ಲಿ ಷಡಕ್ಷರಪ್ಪನವರು ಕೂತು ಕಾಫಿ ಕುಡಿಯುತ್ತಿದ್ದರು. ಅವ್ವನ ಕಡೆಯಿಂದ ಅವರು ನಮಗೆ ಏನೋ ದೂರದ ನೆಂಟರು. ಮದುವೆ ಮುಂಜಿಗೂ ಬಾರದವರು ಇವತ್ತು ಶಿವಮೊಗ್ಗದಿಂದ ಭದ್ರಾವತಿಗೆ, ಕಾಗದನಗರದ ನಮ್ಮ ಕ್ವಾರ್ಟರ್ಸನ್ನು ಹುಡುಕಿಕೊಂಡು ಬಂದಿದ್ದಾರೆ. ಕೋಟಿನ ಜೇಬಿನಿಂದ ನನ್ನ ಚೀಟಿಯನ್ನು ಎರಡು ಬೆರಳಲ್ಲಿ, ಸತ್ತ ಜಿರಲೆ ಹಿಡಿದ ಹಾಗೆ, ತೆಗೆದು ಅಪ್ಪಾಜಿಯ ಮುಂದೆ ಇಟ್ಟರು.

"ನಮ್ಮೋರು ಅನ್ನೋ ಅಭಿಮಾನಕ್ಕೆ ನಾನೇ ಬಂದೆ ಏಕಾಂತಪ್ಪನವರೇ. ಬೇರೆಯವರ ಮಗಳಾಗಿದ್ರೆ ನೇರ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗ್ತಿತ್ತು. ಓದಿ. ಉದಾಹರಣೆ ಸಹಿತ ಬೇಕಂತೆ!"

ಅಪ್ಪಾಜಿ ಓದಿದರು. ಅವರ ಕಿವಿ ಕೆಂಪಾಯಿತು.

"ಇದು ನಿನ್ನ ಅಕ್ಷರಾನಾ?"

"ಹೌದು ಅಪ್ಪಾಜಿ. ಅದು ಪಾಠದಲ್ಲಿ..."

"ಅಕ್ಷರ ನಿಂದಾ ಅಂತ ಕೇಳ್ದೆ."

"ನಂದೇ."

"ನಾಳೆಯಿಂದ ಕಾಲೇಜು ಸಾಕು."

ಅಷ್ಟೇ. ಹೆಣ್ಣು ಹುಡುಗಿಗೆ ಬಿ.ಎ. ಯಾಕೆ ಎಂದ ನೆಂಟರನ್ನೆಲ್ಲ ಎದುರು ಹಾಕಿಕೊಂಡು ನನ್ನನ್ನು ಕಾಲೇಜಿಗೆ ಸೇರಿಸಿದ ಮನುಷ್ಯ ಒಂದು ತುಂಡು ಕಾಗದಕ್ಕೆ ಎಲ್ಲವನ್ನೂ ಮುಗಿಸಿಬಿಟ್ಟರು. ಇದು ಏನು ಎಂದು ಒಂದು ಮಾತು ಕೇಳಲಿಲ್ಲ. ಇನ್ನು ಮೇಲೆ ಇಲ್ಲಿ ಅವರನ್ನು ಅಪ್ಪಾಜಿ ಎಂದು ಬರೆಯುವುದಿಲ್ಲ. ಏಕಾಂತಪ್ಪನವರು, ಸ್ಟೋರ್ಸ್ ಸೂಪರ್‌ವೈಸರ್, ಕಾಗದದ ಕಾರ್ಖಾನೆ.

೯ ಆಗಸ್ಟ್, ಶನಿವಾರ

ಹೋಗಲಿಲ್ಲ. ರೈಲು ಕೂಗಿದ್ದು ಮನೆಗೆ ಕೇಳಿಸಿತು.

೧೨ ಆಗಸ್ಟ್, ಮಂಗಳವಾರ

ಏಕಾಂತಪ್ಪನವರು ರಜೆ ಹಾಕಿ ಶಿವಮೊಗ್ಗಕ್ಕೆ ಹೋಗಿ ಯಜ್ಞನಾರಾಯಣ ಮೇಷ್ಟ್ರನ್ನು ಕಂಡು ಬಂದರು. ನನಗೆ ಒಂದಿಷ್ಟು ಆಸೆ ಹುಟ್ಟಿತ್ತು. ವಿಷಯ ಕೊಟ್ಟವರು ಅವರೇ, ನೋಟ್ಸ್ ಬರೆಸಿದವರು ಅವರೇ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವರು ಹೇಳಿದ್ದು ಇದು: "ನಾನು ಹೇಳಿದ್ದು ವಿಪ್ರಲಂಭ ಮಾತ್ರ ಸ್ವಾಮಿ. ಅಗಲಿಕೆ, ಕಣ್ಣೀರು, ಅಷ್ಟೇ. ಇನ್ನೊಂದನ್ನ ಹುಡುಗಿ ತಾನಾಗೇ ಸೇರಿಸ್ಕೊಂಡಿದ್ದಾಳೆ."

ತಾನಾಗೇ! ಎರಡು ವಿಧ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದದ್ದು ಯಾರ ಸೀಮೆಸುಣ್ಣ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರು ಇವರು. ಇಲ್ಲಿ ಹಾವು ನಾನು. ಷಡಕ್ಷರಪ್ಪನವರ ಮೇಲಿನ ಸಿಟ್ಟು ಇದರ ಮುಂದೆ ಏನೂ ಅಲ್ಲ. ಅವರಿಗೆ ಗೊತ್ತಿಲ್ಲದೆ ಮಾಡಿದರು, ಇವರು ಗೊತ್ತಿದ್ದೂ ಮಾಡಿದರು. ಹೆಣ್ಣು ಅಳುವುದನ್ನು ಎಷ್ಟು ಬೇಕಾದರೂ ಓದಬಹುದು, ಅವಳು ಸುಖವಾಗಿರುವುದನ್ನು ಮಾತ್ರ ಓದಬಾರದು ಎಂದಾಯಿತು.

ನನ್ನ ನೋಟ್ಸನ್ನು ತಂದು ಏಕಾಂತಪ್ಪನವರ ಮುಂದೆ ಹಿಡಿದೆ. "ಮುಚ್ಚಿಡು" ಎಂದರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಮೂರು ವರ್ಷ ರೈಲು ಹತ್ತಿ ಇಳಿದದ್ದೆಲ್ಲ ಹೊಳೆಗೆ ಹೋಗುತ್ತದೆ ಎಂದೆ. ಎದ್ದು ಹೊರಗೆ ಹೋದರು.

೧೫ ಆಗಸ್ಟ್, ಶುಕ್ರವಾರ

ಕಾರ್ಖಾನೆಯ ಮೈದಾನದಲ್ಲಿ ಬಾವುಟ ಏರಿಸಿ ಸ್ವಾತಂತ್ರ್ಯದ ಮೇಲೆ ಭಾಷಣ. ಧ್ವನಿವರ್ಧಕದಿಂದ ಅಡುಗೆಮನೆಗೂ ಕೇಳಿಸಿತು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಈ ಊರಿನಲ್ಲಿ ಗಾಳಿಗೂ ಕಾಗದದ ವಾಸನೆ. ಹಗಲೂ ರಾತ್ರಿ ಕಾಗದ ಮಾಡುತ್ತಾರೆ, ನನಗೆ ಓದಲು ಒಂದು ಪುಟವಿಲ್ಲ.

೧೯ ಆಗಸ್ಟ್, ಮಂಗಳವಾರ

ಸಲೀಮಾ ಬಂದಿದ್ದಳು! ಭದ್ರಾವತಿಯಲ್ಲಿ ಅವಳ ಖಾಲಾ, ಅಂದರೆ ಅಮ್ಮನ ತಂಗಿ, ಖುರ್ಷಿದ್ ಬೇಗಂ ಇದ್ದಾರೆ, ಅವರ ಮನೆಗೆಂದು ಹೇಳಿ ಬಂದವಳು. ಬುರ್ಖಾದ ಒಳಗಿನಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. ಅಲಂಕಾರ ಶಾಸ್ತ್ರ! ರಸ, ಅದರ ವಿಧ, ಲಕ್ಷಣ, ಎಲ್ಲವೂ ಇರುವ ಪುಸ್ತಕ. ನಮ್ಮ ಲೈಬ್ರರಿಯ ಮೊಹರೇ ಇದೆ. ಇತ್ತಲ್ಲ! ಇಷ್ಟು ದಿನವೂ ಇತ್ತು!

"ಅದ್ಹೇಗೆ ಕೊಟ್ರೇ ನಿಂಗೆ?"

"ನಾನು ಶೃಂಗಾರ ಅಂತ ಬರೀಲೇ ಇಲ್ಲ. ನಿಮ್ಮ ಕ್ಲಾಸಿನ ಒಬ್ಬ ಹುಡುಗನ್ನ ಕೇಳ್ದೆ, ಇದು ಯಾವ ಶಾಸ್ತ್ರದಲ್ಲಿ ಬರ್ತದೆ ಅಂತ. ಅಲಂಕಾರ ಶಾಸ್ತ್ರ ಅಂದ. ಅಷ್ಟೇ ಬರೆದೆ. ನಿಮ್ಮ ಷಡಕ್ಷರಪ್ಪನವರು ತಾವೇ ಬಾಗಿಲ ತನಕ ತಂದುಕೊಟ್ರು. 'ಒಳ್ಳೇದು ಕಣಮ್ಮ. ಹೆಣ್ಮಕ್ಕಳು ಇಂಥದ್ದು ಓದ್ಬೇಕು. ಜಡೆ, ಹೂವು, ರಂಗೋಲಿ, ಮನೆ ಲಕ್ಷಣವಾಗಿರ್ತದೆ' ಅಂದ್ರು."

ಸಲೀಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಶೃಂಗಾರ ಎಂದರೆ ಮನೆ ಹಾಳು, ಅಲಂಕಾರ ಎಂದರೆ ಮನೆ ಲಕ್ಷಣ. ಈ ಮನುಷ್ಯನ ಕೈಯಲ್ಲಿ ಬೀಗದಕೈ.

೨೦ ಆಗಸ್ಟ್, ಬುಧವಾರ

ಪುಸ್ತಕದ ಪುಟಗಳೇ ಬಿಡಿಸಿಲ್ಲ. ಪ್ರೆಸ್ಸಿನಲ್ಲಿ ಮಡಿಚಿದ ಹಾಳೆಗಳು ಅಂಚು ಕೊಯ್ಯದೆ ಹಾಗೆಯೇ ಕೂಡಿಕೊಂಡಿವೆ. ಮೊಹರಿನ ತಾರೀಕು ನಾನು ಲಂಗ ಹಾಕುತ್ತಿದ್ದ ಕಾಲದ್ದು. ಅಂದಿನಿಂದ ಇಂದಿನವರೆಗೆ ಒಬ್ಬರೂ ಇದನ್ನು ಓದಿಲ್ಲ. "ಲೈಬ್ರರೀಲಿರೋ ಅಲಂಕಾರ ಗ್ರಂಥ ನನಗೆ ಕಂಠಪಾಠ" ಎಂದು ಯಜ್ಞನಾರಾಯಣ ಮೇಷ್ಟ್ರು ಹೇಳುತ್ತಿದ್ದರಲ್ಲ? ಯಾವ ಬಾಗಿಲಿನಿಂದ ಒಳಗೆ ಹೋಗಿದ್ದರೋ.

ಮಧ್ಯಾಹ್ನ ಅವ್ವ ತರಕಾರಿ ಹೆಚ್ಚುವ ಚಾಕು ತಂದು ಪಕ್ಕದಲ್ಲಿ ಕೂತಳು. ಅವಳಿಗೆ ಅಕ್ಷರ ಬರುವುದಿಲ್ಲ. ನಾನು ಹಾಳೆ ಹಿಡಿದೆ, ಅವಳು ಕೊಯ್ದಳು.

"ಇದಕ್ಕೇನಾ ನಿನ್ನ ಕಾಲೇಜು ಬಿಡಿಸಿದ್ದು? ಓದು, ಏನೈತೆ ಅಂತ ಕೇಳೋಣ."

ಓದಿದೆ. ರತಿಯು ಸ್ಥಾಯಿಭಾವ. ಚಂದ್ರ, ತೋಟ, ಕೋಗಿಲೆ ಉದ್ದೀಪನ ವಿಭಾವ. ಕಡೆಗಣ್ಣ ನೋಟ, ರೋಮಾಂಚ ಅನುಭಾವ. ಸಂಚಾರಿ ಭಾವ ಮೂವತ್ತಮೂರು; ಅವುಗಳ ಹೆಸರು, ಉಪವಿಧ. ಅವ್ವ ಗಲ್ಲಕ್ಕೆ ಕೈ ಕೊಟ್ಟು ಬಹಳ ಹೊತ್ತು ಕೇಳಿದಳು.

"ಇದನ್ನ ಬರೆದ ಪುಣ್ಯಾತ್ಮನಿಗೆ ಮದುವೆ ಆಗಿತ್ತೇನೇ?" ಎಂದಳು.

೨೧ ಆಗಸ್ಟ್, ಗುರುವಾರ

ಈ ಪುಸ್ತಕದ ಮೇಲೂ ಸಿಟ್ಟು ಬರುತ್ತಿದೆ. ಇಷ್ಟೆಲ್ಲ ಮರ್ಯಾದೆ ಕಳೆದುಕೊಂಡು ತರಿಸಿದ ಪುಸ್ತಕದಲ್ಲಿ ಬರೀ ಲೆಕ್ಕ. ಹೆಣ್ಣು ಕಾಯುತ್ತಾಳೆ, ಕೊರಗುತ್ತಾಳೆ, ಕಾಲಬೆರಳಲ್ಲಿ ನೆಲ ಗೀರುತ್ತಾಳೆ. ಶೃಂಗಾರದ ಭಾಗದಲ್ಲೆಲ್ಲೂ ಒಬ್ಬಳೂ ಬಾಯಿ ಬಿಡುವುದಿಲ್ಲ.

ಸೆಕೆಂಡ್ ಶಿಫ್ಟ್ ಇದ್ದ ದಿನ ಅವ್ವ ಊಟ ಮುಚ್ಚಿಟ್ಟು ಕಾಯುತ್ತಾಳೆ. ಗಂಡ ಒಳಗೆ ಕಾಲಿಟ್ಟ ಕೂಡಲೇ "ಅಲ್ಲೇ ಇರಬೇಕಿತ್ತು, ಮನೆ ಯಾಕೆ ಬೇಕಿತ್ತು" ಎಂದು ಬೈಯುತ್ತಾಳೆ. ಬೈಯುತ್ತಲೇ ರೊಟ್ಟಿ ಬಿಸಿ ಮಾಡುತ್ತಾಳೆ. ಅವರು ಬೈಸಿಕೊಳ್ಳುತ್ತಲೇ ಆರಾಮಾಗಿ ಕೂರುತ್ತಾರೆ. ಈ ಬೈಗುಳ ಯಾವ ಭಾವ? ಮೂವತ್ತಮೂರರಲ್ಲೂ ಹುಡುಕಿದೆ, ಸಿಗಲಿಲ್ಲ. ಅದು ಅಗಲಿಕೆಯದೋ ಕೂಡಿಕೆಯದೋ? ಎರಡೂ ಒಟ್ಟಿಗೆ ಇದೆ ಎಂದು ನನಗೆ ಕಾಣುತ್ತದೆ. ಎರಡು ವಿಧ ಎಂದು ಕತ್ತರಿ ಹಾಕಿದವರು ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿಯೇ ಇಲ್ಲ. ಹಳೆಯ ಕಾವ್ಯಗಳಲ್ಲಿ ರಾಣಿಯರು ಮುನಿದು ಮಾತಾಡುವ ಕಡೆಯೆಲ್ಲ ಇದೇ ಆಗುತ್ತಿದೆ. ಕವಿಗೆ ಗೊತ್ತಿದೆ, ಲಕ್ಷಣ ಬರೆದವನಿಗೆ ಗೊತ್ತಿಲ್ಲ.

ಏನೇನೋ ಗೀಚುತ್ತಿದ್ದೇನೆ. ಇಷ್ಟು ಹೊತ್ತನ್ನು ಪ್ರಬಂಧಕ್ಕೆ ಕೊಟ್ಟಿದ್ದರೆ ಕೆಲಸವಾದರೂ ಆಗುತ್ತಿತ್ತು.

೨೩ ಆಗಸ್ಟ್, ಶನಿವಾರ

ಇವತ್ತು ಜಗಳವಾಯಿತು. ನಾನೇ ತೆಗೆದೆ.

ಏಕಾಂತಪ್ಪನವರು ಬೆಳಿಗ್ಗೆ ವಿಭೂತಿ ಧರಿಸಿ ಲಿಂಗಪೂಜೆಗೆ ಕೂತಿದ್ದರು. ದಿನವೂ ಹೇಳುವ ಹಾಗೆ ಕಣ್ಣು ಮುಚ್ಚಿಕೊಂಡು ಶರಣರ ಮಾತುಗಳನ್ನು ಹೇಳುತ್ತಿದ್ದರು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಕಿವಿಗೆ ಬಿದ್ದದ್ದು ಇವತ್ತು. ಶರಣನು ಸತಿ, ಲಿಂಗವೇ ಪತಿ. ಅವನಿಲ್ಲದೆ ನಿದ್ದೆಯಿಲ್ಲ, ಬಂದು ಕೂಡಿದರೆ ಮಾತಿಲ್ಲ. ಪೂಜೆ ಮುಗಿಯುವವರೆಗೆ ತಡೆದುಕೊಂಡೆ.

"ಅಪ್ಪಾಜಿ, ನೀವೀಗ ಹೇಳಿದ್ದು ಏನು?"

"ಏನು ಅಂದ್ರೆ?"

"ಅಗಲಿದ್ದು ಒಂದು, ಕೂಡಿದ್ದು ಒಂದು. ಎರಡನ್ನೂ ಹೇಳಿದ್ರಿ. ನಾನು ಚೀಟೀಲಿ ಬರೆದಿದ್ದೂ ಅದೇ ಎರಡು."

"ಬಾಯ್ಮುಚ್ಚು! ಅದು ಭಕ್ತಿ!"

"ಭಕ್ತಿಗೆ ಶರಣರಿಗೆ ಬೇರೆ ಮಾತು ಸಿಗಲಿಲ್ವಾ? ಗಂಡ ಹೆಂಡ್ತಿ ಮಾತೇ ಯಾಕೆ ಬೇಕಾಯ್ತು? ಅವರಿಗೆ ನಾಚಿಕೆ ಇರ್ಲಿಲ್ವಾ?"

ಕೈ ಎತ್ತಿದರು. ಅವ್ವ ನಡುವೆ ಬಂದಳು. ಎತ್ತಿದ ಕೈ ಇಳಿಸಿ, ತಿಂಡಿಯನ್ನೂ ತಿನ್ನದೆ ಕೆಲಸಕ್ಕೆ ಹೋದರು. ಹೊಡೆದಿದ್ದರೂ ನಾನು ಹೇಳಿದ ಮಾತು ಸುಳ್ಳಾಗುತ್ತಿರಲಿಲ್ಲ.

೨೪ ಆಗಸ್ಟ್, ಭಾನುವಾರ

ಪುಸ್ತಕ ಕಾಣೆಯಾಗಿದೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಏಕಾಂತಪ್ಪನವರೇ ತೆಗೆದುಕೊಂಡು ಹೋಗಿದ್ದಾರೆ. ಭಾನುವಾರವೂ ಡ್ಯೂಟಿ ಎಂದು ಹೋದದ್ದು ಇದಕ್ಕೇ. ಕಾರ್ಖಾನೆಯ ಬಾಯ್ಲರಿಗೆ ಹಾಕಿರುತ್ತಾರೆ. ಸಲೀಮಾ ಏನು ಜವಾಬು ಕೊಡಬೇಕು? ದ್ವೇಷ ಎಂಬ ಮಾತನ್ನು ನಾನು ಇದುವರೆಗೆ ಸುಮ್ಮನೆ ಬಳಸುತ್ತಿದ್ದೆ.

೨೬ ಆಗಸ್ಟ್, ಮಂಗಳವಾರ

ಅಪ್ಪಾಜಿ ಪುಸ್ತಕ ವಾಪಸ್ ತಂದರು. ಕಾರ್ಖಾನೆಯ ದಪ್ಪ ಕಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಹೊದಿಕೆ ಹಾಕಿದ್ದಾರೆ. ನಾವು ಕೊಯ್ಯದೆ ಬಿಟ್ಟಿದ್ದ ಹಾಳೆಗಳನ್ನೂ ಕೊನೆಯವರೆಗೆ ಕೊಯ್ದಿದ್ದಾರೆ.

"ಇದರಲ್ಲಿ ಅಸಭ್ಯ ಏನೂ ಕಾಣ್ಲಿಲ್ಲ" ಎಂದರು. ಹೊದಿಕೆಯ ಮೂಲೆ ಸವರಿ, "ಅರ್ಥಾನೂ ಆಗ್ಲಿಲ್ಲ" ಎಂದರು.

ಹಾಗಾದರೆ ನಾಳೆ ಹೋಗಲೇ ಎಂದೆ. ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಅಸಭ್ಯವಲ್ಲ ಎಂದು ತಿಳಿದ ಮೇಲೂ ಕೂರಿಸಿದರೆ ಅದು ಇನ್ನೂ ದೊಡ್ಡ ಅನ್ಯಾಯ. ಕೂಗಾಡಿದೆ.

೩೦ ಆಗಸ್ಟ್, ಶನಿವಾರ

ಅಪ್ಪಾಜಿ ಪ್ರಿನ್ಸಿಪಾಲರಿಗೆ ಕಾಗದ ಹಾಕಿದ್ದರಂತೆ. ಇವತ್ತು ಜವಾಬು ಬಂತು. ಅಸಭ್ಯ ಪದ ಬಳಸಿದ್ದಕ್ಕೆ ನಾನು ಕ್ಷಮಾಪಣೆ ಬರೆದುಕೊಟ್ಟರೆ ತರಗತಿಗೆ ಸೇರಿಸಿಕೊಳ್ಳುತ್ತಾರೆ, ಬಿಟ್ಟ ದಿನಗಳ ಹಾಜರಿಯನ್ನೂ ಸರಿಮಾಡುತ್ತಾರೆ. ಷಡಕ್ಷರಪ್ಪನವರು ತಮ್ಮ ಆ 'ನಮ್ಮೋರು' ಅಭಿಮಾನವನ್ನು ಅಲ್ಲಿಗೂ ಮುಟ್ಟಿಸಿದ್ದಾರೆ ಎಂದಾಯಿತು.

"ಬರೆದುಕೊಟ್ಟುಬಿಡು ಮಗಳೇ. ಒಂದು ಸಾಲು. ಪರೀಕ್ಷೆ ಮುಗೀಲಿ" ಎಂದರು ಅಪ್ಪಾಜಿ.

ಒಂದು ಸಾಲಂತೆ. ಬರೆಯದಿದ್ದರೆ ಡಿಗ್ರಿ ಹೋಯಿತು. ಬರೆದರೆ, ಹೌದು, ನಾನು ಅಸಭ್ಯಳು ಎಂದು ನಾನೇ ರುಜು ಹಾಕಿದ ಹಾಗೆ. ಅವ್ವನನ್ನು ಕೇಳಿದೆ. "ನಂಗೆ ರುಜು ಹಾಕಕ್ಕೆ ಬರಲ್ಲವ್ವಾ, ನನ್ನ ಕೇಳ್ಬೇಡ" ಎಂದಳು.

೧ ಸೆಪ್ಟೆಂಬರ್, ಸೋಮವಾರ

ಅಪ್ಪಾಜಿಯ ಜೊತೆ ಬೆಳಗಿನ ರೈಲಿಗೆ ಹೋದೆ. ಅವರು ಪೇಟ ಸುತ್ತಿ, ಮದುವೆಗೆ ಹೊರಟವರ ಹಾಗೆ ಕೋಟು ಹಾಕಿದ್ದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಯಜ್ಞನಾರಾಯಣ ಮೇಷ್ಟ್ರು ಕುರ್ಚಿಯಲ್ಲಿ, ಷಡಕ್ಷರಪ್ಪನವರು ಗೋಡೆಯ ಪಕ್ಕದಲ್ಲಿ. ಪ್ರಿನ್ಸಿಪಾಲರು ಬಿಳಿ ಹಾಳೆ, ಲೇಖನಿ ನನ್ನ ಮುಂದಿಟ್ಟರು.

"ಬರಿಯಮ್ಮ. 'ಲೈಬ್ರರಿಯ ಚೀಟಿಯಲ್ಲಿ ಅಸಭ್ಯ ಪದ ಬಳಸಿದ್ದಕ್ಕೆ ಕ್ಷಮೆ ಕೋರುತ್ತೇನೆ.'"

ಬರೆಯಬೇಕೆಂದೇ ಲೇಖನಿ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಬರೆದು ಮುಗಿಸಬೇಕೆಂದೇ ಇದ್ದೆ. "ಚೀಟಿಯಲ್ಲಿ" ಎನ್ನುವವರೆಗೆ ಬರೆದೆ. ಮುಂದಕ್ಕೆ ಕೈ ಓಡಲಿಲ್ಲ.

"ಯಾವ ಪದ ಸಾರ್?"

"ಆ ಪದಾನೇ."

"ಇಂಥದ್ದು ಅಂತ ಹೇಳಿ ಸಾರ್, ಬರ್ಕೋತೀನಿ. ಚೀಟೀಲಿ ಬಹಳ ಪದ ಇದ್ವು. ಇನ್ನು ಮುಂದೆ ಯಾವುದನ್ನ ಬಳಸಬಾರ್ದು ಅಂತ ನಂಗೆ ಗೊತ್ತಾಗ್ಬೇಕಲ್ಲ."

ಪ್ರಿನ್ಸಿಪಾಲರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕನ್ನಡಕ ಒರೆಸತೊಡಗಿದರು. ಕೊನೆಗೆ ಷಡಕ್ಷರಪ್ಪನವರು, "ಅದೇ, ಚೀಟೀಲಿ ಇತ್ತಲ್ಲ, ಎರಡನೇದು" ಎಂದರು.

"ಎರಡನೇದು ವಿಪ್ರಲಂಭ" ಎಂದೆ.

"ಅಲ್ಲಲ್ಲ, ಮೊದಲನೇದು."

"ಮೊದಲನೇದು ಯಾವುದು?"

ಯಾರೂ ಬಾಯಿ ಬಿಡಲಿಲ್ಲ. ಮೂರು ಜನ ಓದಿದ ಗಂಡಸರು. ಗಂಟಲು ಸರಿಮಾಡಿಕೊಂಡರು, ಕಿಟಕಿ ನೋಡಿದರು. ಪ್ರಿನ್ಸಿಪಾಲರಿಗೆ ರೇಗಿತು. "ಅಧಿಕಪ್ರಸಂಗ ಬೇಡಮ್ಮ. ಏಕಾಂತಪ್ಪನವರೇ, ನಿಮ್ಮ ಹುಡುಗಿಗೆ ಹೇಳಿ" ಎಂದರು.

ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಪ್ಪಾಜಿ ನಿಂತೇ ಇದ್ದರು. ಒಂದು ಹೆಜ್ಜೆ ಮುಂದೆ ಬಂದು, ಪೂಜೆಯಲ್ಲಿ ಹೇಳುವ ಅದೇ ಗಟ್ಟಿ ದನಿಯಲ್ಲಿ, ಒಂದಕ್ಷರ ನುಂಗದೆ ಹೇಳಿದರು:

"ಸಂಭೋಗ ಶೃಂಗಾರ. ಬರ್ಕೋ ಮಗಳೇ."

ಷಡಕ್ಷರಪ್ಪನವರ ಬೀಗದಕೈ ಗೊಂಚಲು ಝಣ್ಣೆಂದಿತು. ಮೇಷ್ಟ್ರು ಎದ್ದು ನಿಂತು, "ಏಕಾಂತಪ್ಪನವರೇ, ನಾನು ಅವತ್ತೇ ಹೇಳಿದ್ನಲ್ಲ, ನಾನು ಕೊಟ್ಟಿದ್ದು ವಿಪ್ರಲಂಭ ಮಾತ್ರ..." ಎಂದರು.

"ಪಾಠದಲ್ಲಿ ಎರಡೂ ಐತೆ ಸ್ವಾಮಿ. ನಿಮ್ಮ ಲೈಬ್ರರಿ ಪುಸ್ತಕದಲ್ಲೇ ಐತೆ. ಹಾಳೆ ಕೊಯ್ದು ನಾನೇ ಓದಿದೀನಿ. ನಿಮಗೆ ಒಂದೇ ಬರೋದಾದ್ರೆ ಇನ್ನೊಂದನ್ನ ನನ್ನ ಮಗಳು ಬರೀತಾಳೆ." ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ಪಾಠದ ಮಾತಿಗೆ ಕ್ಷಮಾಪಣೆ ಬೇಕು ಅಂದ್ರೆ ಮೊದಲು ಪಾಠ ಮಾಡ್ದೋರ ಹತ್ರ ಬರೆಸ್ಕೊಳ್ಳಿ" ಎಂದರು.

ಪ್ರಿನ್ಸಿಪಾಲರು ನನ್ನ ಮುಂದಿದ್ದ ಹಾಳೆಯನ್ನು ಎಳೆದುಕೊಂಡು ಡ್ರಾಯರಿಗೆ ಹಾಕಿದರು. "ಎರಡನೇ ಪೀರಿಯಡ್ ಶುರುವಾಗಿದೆ. ಹೋಗಮ್ಮ ಕ್ಲಾಸಿಗೆ" ಎಂದರು. ಅಷ್ಟೇ. ತಪ್ಪಾಯಿತು ಎಂದು ಯಾರ ಬಾಯಲ್ಲೂ ಬರಲಿಲ್ಲ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಪ್ರಬಂಧದಲ್ಲಿ ಎರಡು ವಿಧ ಎನ್ನುವುದೇ ತಪ್ಪು ಎಂದು ಬರೆಯುತ್ತೇನೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ಕೇಳಲಿ.

ಸಂಜೆ ರೈಲು ಇಳಿದು ನಡೆಯುವಾಗ ಅಪ್ಪಾಜಿ, "ಅಲ್ಲಿ ನಾನು ಅಂದಿದ್ದನ್ನ ನಿಮ್ಮವ್ವನ ಮುಂದೆ ಹೇಳ್ಬೇಡ" ಎಂದರು. ಹೂಂ ಎಂದೆ. ಅಷ್ಟು ದಿನ ಕೂರಿಸಿದ್ದಕ್ಕೆ ಇಷ್ಟಾದರೂ ತೀರಿಸಿಕೊಳ್ಳಬೇಡವೇ? ಚಪ್ಪಲಿ ಬಿಡುವ ಮೊದಲೇ ಅವ್ವನಿಗೆ ಎಲ್ಲವನ್ನೂ ಹೇಳಿದೆ, ಆ ಪದವನ್ನೂ, ಅದರ ಅರ್ಥವನ್ನೂ.

ಅವ್ವ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. ಹಜಾರದಲ್ಲಿ ಪೇಟ ಬಿಚ್ಚುತ್ತಿದ್ದ ಗಂಡನನ್ನು ಬಾಗಿಲ ಸಂದಿಯಿಂದ ಒಂದು ಸಲ ನೋಡಿದಳು.

"ಮದುವೆ ಆದಾಗಿಂದ ನನ್ನ ಹತ್ರ ಇಂಥ ಒಂದು ಮಾತು ಆಡಿದೋರಲ್ಲ" ಎಂದಳು. "ಹೋಗಿ ಹೋಗಿ ಆ ಪ್ರಿನ್ಸಿಪಾಲನ ಮುಂದೆ ಆಡಿದ್ರಾ!"